ಕಪ್ಪು ಗಾಜಿನ ಹಿಂದೆ

ಧೂಳೆಂದುಕೊಂಡು ಅವಳು ಅಳಿಸಲು ಹೊರಟದ್ದು ಒಂದು ಕಣ್ಣಿನ ರೆಪ್ಪೆಯಾಗಿತ್ತು. ಪೆನ್ನು ಪರದೆಯಿಂದ ಕೂದಲೆಳೆಯಷ್ಟು ಮೇಲೆ ನಿಂತುಬಿಟ್ಟಿತು. ಚಿತ್ರವನ್ನು ಹಿಗ್ಗಿಸಿದಳು, ನೆರಳನ್ನು ಒಂದಿಷ್ಟು ತಿಳಿಯಾಗಿಸಿದಳು, ಮತ್ತೆ ಹಿಗ್ಗಿಸಿದಳು. ಯಂತ್ರಮಾನವನ ಮುಖದ ಜಾಗದಲ್ಲಿದ್ದ ಕಪ್ಪು ಗಾಜಿನ ಪಟ್ಟಿಯ ಹಿಂದೆ ಒಬ್ಬ ಮನುಷ್ಯನಿದ್ದ. ಮೂಗಿತ್ತು, ಹುಬ್ಬಿತ್ತು. ಬಲಗಣ್ಣು ಮುಚ್ಚಿತ್ತು. ಎಡಗಣ್ಣು ಪೂರ್ತಿ ಮುಚ್ಚದೆ, ಬಾಗಿಲ ಸಂದಿಯ ಹಾಗೆ, ಬಿಳಿಯ ಒಂದು ಗೆರೆ ತೋರಿಸುತ್ತಿತ್ತು.

"ಅಯ್ಯೋ ಮಾವ," ಎಂದಳು. ಪಕ್ಕದ ಕುರ್ಚಿ ಖಾಲಿಯಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

ಹಳೆಯ ಸಿನಿಮಾಗಳನ್ನು ತೊಳೆಯುವುದು ಅವಳ ಕೆಲಸ. ಇದಕ್ಕೆ ದೊಡ್ಡ ಹೆಸರೊಂದಿದೆ, ಆದರೆ ಮನೆಯವರೆಲ್ಲ 'ತೊಳೆಯೋ ಕೆಲಸ' ಎಂದೇ ಅನ್ನುತ್ತಾರೆ, ಅದೇನೂ ಸುಳ್ಳಲ್ಲ. ಕಿಟಕಿಯಿಲ್ಲದ ಕೋಣೆ, ಬೂದುಬಣ್ಣದ ಗೋಡೆ, ಒಂದು ಪರದೆ, ಒಂದು ಪೆನ್ನು. ಮೂಲ ನೆಗೆಟಿವ್‌ನಿಂದ ತೆಗೆದ ಒಂದೊಂದು ಚೌಕಟ್ಟಿನ ಧೂಳು, ಗೀರು, ಬೆರಳಿನ ಗುರುತುಗಳನ್ನು ಕೂತು ಅಳಿಸಬೇಕು. ಈ ಸಲ ಅವಳ ಪಾಲಿಗೆ ಬಂದದ್ದು 'ಬೂದಿಗ್ರಹ'. ಅದು ಇಷ್ಟು ವರ್ಷ ಮಸುಕು ಮಸುಕಾದ ಕ್ಯಾಸೆಟ್ಟಿನಲ್ಲಿ ಮಾತ್ರ ಸಿಗುತ್ತಿತ್ತು. ಈಗ ಎಚ್‌ಡಿ ಡಿಸ್ಕಾಗಿ ಬರಲಿದೆ ಎಂದು ಕಂಪನಿ ಸಾರಿದಾಗಿನಿಂದ, ಸಿನಿಮಾವನ್ನು ಬಾಯಿಪಾಠ ಮಾಡಿಕೊಂಡ ಅಭಿಮಾನಿಗಳು ಬಾಯಿಬಿಟ್ಟುಕೊಂಡು ಕಾದು ಕೂತಿದ್ದರು. ಅವರೆಲ್ಲರಿಗಿಂತ ಹೆಚ್ಚು ಕಾದವನು ಅವಳ ಸೋದರಮಾವ. ಏಕೆಂದರೆ, ಮಾವನ ಮಾತನ್ನು ನಂಬುವುದಾದರೆ, ಆ ಸಿನಿಮಾದ ಯಂತ್ರಮಾನವ ಅವನೇ.

ನಂಬುವವರು ಯಾರೂ ಇರಲಿಲ್ಲ.

ಮಾವ ತಗಡಿನ ಕೆಲಸದವನು. ಗಾಳಿಕೊಳವೆ, ಒಲೆಯ ಮೇಲಿನ ಹೊಗೆಗೂಡು, ಸೂರಿನ ನೀರು ಹರಿಯುವ ದೋಣಿ, ಹೀಗೆ ಬಾಗಿಸಿದರೆ ಬಾಗುವಂಥದ್ದನ್ನೆಲ್ಲ ಮಾಡುತ್ತಾನೆ. ಬೀದಿಗೆಲ್ಲ ಅವನು ತಗಡು ಮಾವ. ಇನ್ನೂ ಮದುವೆಯಾಗದಿದ್ದ ಕಾಲದಲ್ಲಿ ಸಿನಿಮಾದವರು ಬಂದು ಯಂತ್ರಮಾನವನ ಮೈಗವಸು ಮಾಡಿಕೊಡು ಎಂದರಂತೆ. ನಟನ ಅಳತೆ ಕಳಿಸುತ್ತೇವೆ ಎಂದವರು ಕಳಿಸಲೇ ಇಲ್ಲ. ಕೈಕಟ್ಟಿ ಕೂರುವ ಆಸಾಮಿಯಲ್ಲ ಮಾವ. ಅಳತೆ ಬಂದಾಗ ಬರಲಿ ಎಂದು ತನ್ನ ಮೈಯಳತೆಗೇ ಕತ್ತರಿಸಿ, ಬಾಗಿಸಿ, ಬೆಸೆದುಬಿಟ್ಟ. ಚಿತ್ರೀಕರಣದ ದಿನ ಬಂದ ನಟ ದೀಪದ ಕಂಬದಷ್ಟು ಎತ್ತರ. ಮೊಣಕಾಲಿನವರೆಗೆ ಹೊಕ್ಕವನು ಅಲ್ಲೇ ಸಿಕ್ಕಿಹಾಕಿಕೊಂಡ. ಹೊರಗೆಳೆಯಲು ಎಣ್ಣೆ ಹೊಯ್ಯಬೇಕಾಯಿತು. ಕೊನೆಗೆ ಮಾಡಿದವನೇ ತೊಟ್ಟುಕೊಂಡು ನಿಂತ. ಒಪ್ಪಂದ ಆಗಿಹೋಗಿದ್ದರಿಂದ ಹೆಸರು ಮಾತ್ರ ನಟನದೇ ಬಂತು.

ಕತೆ ಚೆನ್ನಾಗಿತ್ತು, ಆದರೆ ಸಾಕ್ಷಿಯಿರಲಿಲ್ಲ. ನೆಂಟರು ಕೇಳಿ ಕೇಳಿ ಸೋತಿದ್ದರು. ಆಮೇಲೆ ಕೈಹಿಡಿದ ಅತ್ತೆ ಮೊದಲಿನಿಂದಲೂ ನಂಬಿರಲಿಲ್ಲ. "ಯಂತ್ರಮಾನವನಂತೆ! ಕುಡಿದ ಲೋಟ ಎತ್ತಿಡಿ ಅಂದ್ರೆ ಕೀಲು ಹಿಡ್ಕೊಂಡಿರುತ್ತೆ," ಎನ್ನುತ್ತಿದ್ದಳು.

ಮಾವ ಮಾತ್ರ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಮುಖಕ್ಕೆ ಹಾಕಿದ್ದು ತೆಳುಬಣ್ಣದ ವೆಲ್ಡಿಂಗ್ ಗಾಜು, ಪಕ್ಕದಿಂದ ಬೆಳಕು ಬಿದ್ದರೆ ಒಳಗಿನ ಮುಖ ಕಂಡೇ ಕಾಣಬೇಕು, ಕ್ಯಾಸೆಟ್ಟಿನಲ್ಲಿ ಕಾಣದಿದ್ದರೆ ಅದು ಕ್ಯಾಸೆಟ್ಟಿನ ತಪ್ಪು ಎಂಬುದು ಅವನ ವಾದ. ಎಚ್‌ಡಿ ಡಿಸ್ಕಿನ ಸುದ್ದಿ ಕೇಳಿದ ವಾರವೇ ಪ್ಲೇಯರ್ ತಂದು, ಪ್ಲಾಸ್ಟಿಕ್ ಕವರು ಕೂಡ ತೆಗೆಯದೆ ಟೀವಿಯ ಪಕ್ಕ ಇಟ್ಟಿದ್ದ. ತನ್ನ ಕತೆಗೆ ನಕ್ಕವರನ್ನೆಲ್ಲ ಹುಡುಕಿ ಹುಡುಕಿ, ಡಿಸ್ಕ್ ಬಂದ ದಿನ ಮನೆಗೆ ಬನ್ನಿ ಎಂದು ಕರೆದಿದ್ದ. ಡಿಸ್ಕಿನ ಅಂಗಡಿಯವನು ಇವನು ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, "ಇನ್ನೂ ಬಂದಿಲ್ಲ!" ಎಂದು ಇಲ್ಲಿಂದಲೇ ಕೂಗುತ್ತಿದ್ದ.

ಮಾವನ ಜಂಬವೆಲ್ಲ ಒಂದೇ ದೃಶ್ಯದ ಮೇಲೆ ನಿಂತಿತ್ತು. ನೋಡಿದವರೆಲ್ಲ ನೆನಪಿಟ್ಟುಕೊಂಡ ದೃಶ್ಯವದು. ಬೂದಿ ಸುರಿಯುವ ಗ್ರಹದಲ್ಲಿ ನೌಕೆ ಕೆಟ್ಟು ನಿಂತಿದೆ. ಗಾಯಗೊಂಡ ನಾಯಕಿ ಮಲಗಿದ್ದಾಳೆ. ಅವಳ ತಲೆಯ ಬಳಿ ಯಂತ್ರಮಾನವ ಕಾವಲು ನಿಂತಿದೆ. ಕ್ಯಾಮೆರಾ ಕದಲುವುದಿಲ್ಲ, ಯಂತ್ರವೂ ಕದಲುವುದಿಲ್ಲ, ಬೂದಿ ಮಾತ್ರ ಬೀಳುತ್ತಲೇ ಇರುತ್ತದೆ. ತಗಡಿನ ಮುಖದಲ್ಲಿ ಇಷ್ಟು ಕರುಣೆ ಎಲ್ಲಿಂದ ಬಂತು ಎಂದು ಅಭಿಮಾನಿಗಳು ಪುಟಗಟ್ಟಲೆ ಬರೆದಿದ್ದರು. ಮಾವ ಅದನ್ನೆಲ್ಲ ಓದಿಸಿಕೊಂಡು, "ನನ್ನ ಪ್ರಾಣ ಇಟ್ಟಿದ್ದೀನಿ ಅಲ್ಲಿ," ಎನ್ನುತ್ತಿದ್ದ.

ಆ ದೃಶ್ಯವೇ ಈಗ ಅವಳ ಪರದೆಯ ಮೇಲಿತ್ತು. ಚೌಕಟ್ಟುಗಳನ್ನು ಒಂದೊಂದಾಗಿ ಓಡಿಸಿದಳು. ಬಲಗಣ್ಣು ತೆರೆಯಲಿಲ್ಲ. ಎಡಗಣ್ಣಿನ ಬಿಳಿಗೆರೆ ಕದಲಲಿಲ್ಲ. ನಡುವೆ ಒಂದು ಕಡೆ ಗದ್ದ ಉಗುರಿನಷ್ಟು ಕೆಳಗೆ ಜಾರಿತು, ಅಷ್ಟೆ. ಹುಡುಗನಾಗಿದ್ದಾಗ ಕಾದ ತಗಡಿನ ಚೂರು ಸಿಡಿದು ಮಾವನ ಎಡರೆಪ್ಪೆ ಸುಟ್ಟಿತ್ತು. ಅಂದಿನಿಂದ ಅದು ಪೂರ್ತಿ ಮುಚ್ಚುವುದಿಲ್ಲ. ಅವಳು ಚಿಕ್ಕವಳಿದ್ದಾಗ ಮಧ್ಯಾಹ್ನ ಕುರ್ಚಿಯಲ್ಲಿ ಮಲಗಿದ ಮಾವನ ಮುಖದ ಮುಂದೆ ಕೈಯಾಡಿಸಿ, ನಿದ್ದೆಯೋ ನಾಟಕವೋ ಎಂದು ಪರೀಕ್ಷೆ ಮಾಡುತ್ತಿದ್ದದ್ದು ಇದೇ ಕಣ್ಣಿನ ದೆಸೆಯಿಂದ.

ಮಾವ ಹೇಳಿದ್ದು ನಿಜ. ತಗಡಿನೊಳಗೆ ಇದ್ದವನು ಅವನೇ. ಪ್ರಾಣ ಇಟ್ಟಿದ್ದೀನಿ ಎಂದ ಜಾಗದಲ್ಲಿ ಅವನು ನಿಂತುಕೊಂಡೇ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. ಮೈಗವಸು ಗಟ್ಟಿಯಿದ್ದುದರಿಂದ ಬಿದ್ದಿರಲಿಲ್ಲ.

ಅವಳು ಪೆನ್ನು ಕೆಳಗಿಟ್ಟು ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದಳು. ಮುಖ್ಯಸ್ಥ ಒಳ್ಳೆಯವನೇ. ಬಂದು ನೋಡಿದ, ಇನ್ನೊಂದು ಸಲ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡ.

"ಇವರು ನಿಮಗೆ ಗೊತ್ತಾ?"

"ನಮ್ಮ ಮಾವ ಸರ್."

"ನಿಮ್ಮ ಮಾವ ಕಾವಲು ಕಾಯೋ ಹೊತ್ತಲ್ಲಿ ಮಲಗಿದ್ದಾರಲ್ರೀ."

"ಹೌದು ಸರ್."

"ಕಂಪನಿಯವರು ಒಪ್ಪಲ್ಲ. ನಿದ್ದೆಗಣ್ಣಿನ ಕಾವಲುಗಾರನ್ನ ಯಾರು ಕೊಳ್ತಾರೆ? ಕೇಳಿ ನೋಡ್ತೀನಿ."

ಕಂಪನಿಯಿಂದ ಮರುದಿನವೇ ಉತ್ತರ ಬಂತು. ಗಾಜನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೆ ಪೂರ್ತಿ ಕಪ್ಪು ಮಾಡಿ. ಇಲ್ಲವೇ ಬೇರೆ ದೃಶ್ಯದಿಂದ ಅದೇ ಮನುಷ್ಯನ ತೆರೆದ ಕಣ್ಣು ತಂದು ಕೂರಿಸಿ, ಒಳಗಿದ್ದವನ ಹೆಸರನ್ನೂ ಸಂದರ್ಶನವನ್ನೂ ಡಿಸ್ಕಿನಲ್ಲಿ ಸೇರಿಸೋಣ, ಅಭಿಮಾನಿಗಳಿಗೆ ಹಬ್ಬವಾಗುತ್ತದೆ. ಮಲಗಿದ ಮುಖ ಮಾತ್ರ ಬೇಡವೇ ಬೇಡ. ಯಾವುದಾಗಬೇಕೆಂದು ಆ ಮನುಷ್ಯನನ್ನೇ ಕರೆಸಿ ಕೇಳಿ.

ಸಂಜೆ ಅವಳು ಮಾವನ ಅಂಗಡಿಗೆ ಹೋದಳು. ಮಾವ ತಗಡಿನ ಹಾಳೆಯೊಂದನ್ನು ಮೊಣಕಾಲಿನಲ್ಲಿ ಒತ್ತಿ ಬಾಗಿಸುತ್ತಿದ್ದ. ಹಿಂದಿನ ಮನೆಯಿಂದ ಅತ್ತೆ ಟೀ ತಂದಳು.

"ಏನಮ್ಮ ಸೊಸೆ, ಯಾವಾಗ ಬರುತ್ತೆ ನನ್ನ ಡಿಸ್ಕು?"

"ಅದು ನಿಮ್ಮದಲ್ಲ ಮಾವ, ಕಂಪನಿದು."

"ಸಿನಿಮಾ ಅವರದು. ಒಳಗಿನ ಮೈ ನಂದು."

"ಹೂಂ, ಶುರುವಾಯ್ತು," ಎಂದಳು ಅತ್ತೆ. "ನೀನಾದ್ರೂ ಹೇಳೇ, ಮುಖ ಗಿಖ ಏನಾದ್ರೂ ಕಾಣುತ್ತಾ? ಕಾಣಲ್ಲ ಅನ್ನು. ಇವರ ಬಾಯಿಗೂ ಒಂದು ಬೀಗ ಬೀಳುತ್ತೆ, ನನ್ನ ಕಿವಿಗೂ ಪುಣ್ಯ ಬರುತ್ತೆ."

ಅವಳು ಲೋಟದೊಳಗೆ ನೋಡಿದಳು. "ಕಾಣುತ್ತೆ ಅತ್ತೆ."

ತಗಡು ಮಾವನ ಮೊಣಕಾಲಿನಿಂದ ಚಿಮ್ಮಿ ಜಾರಿ ನೆಲಕ್ಕೆ ಬಿದ್ದು ಬೀದಿಗೆಲ್ಲ ಕೇಳಿಸುವ ಹಾಗೆ ಸದ್ದು ಮಾಡಿತು. ಮಾವ ಅದನ್ನು ಎತ್ತಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದ. ಗೆದ್ದವನ ನೋಟವಲ್ಲ ಅದು. ದಾರಿಯಲ್ಲಿ ಕಳೆದುಹೋದದ್ದನ್ನು ಯಾರೋ ತಂದುಕೊಟ್ಟಾಗ ಮನುಷ್ಯ ಹಾಗೆ ನೋಡುತ್ತಾನೆ.

"ನಾಳೆ ಇಬ್ಬರೂ ಬನ್ನಿ," ಎಂದಳು. ಉಳಿದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ.

ಮರುದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ಬಾಚಿ ಬಂದ. ಅತ್ತೆ ಕೈಚೀಲವನ್ನು ಮಡಿಲಲ್ಲಿಟ್ಟು ಗಟ್ಟಿಯಾಗಿ ಹಿಡಿದುಕೊಂಡು ಕೂತಳು, ಬಸ್ಸಿನಲ್ಲಿ ಕೂತ ಹಾಗೆ. ಮುಖ್ಯಸ್ಥ ದೀಪ ಆರಿಸಿದ.

ದೊಡ್ಡ ಪರದೆಯ ಮೇಲೆ ಬೂದಿ ಬಿತ್ತು. ಪ್ರತಿಯೊಂದು ಚೂರೂ ಬೇರೆಬೇರೆಯಾಗಿ ಕಾಣುತ್ತಿತ್ತು. ಯಂತ್ರದ ಹೆಗಲಿನ ರಿವೆಟ್ಟುಗಳು ಕಂಡವು, ಬೆಸುಗೆಯ ಗೆರೆ ಕಂಡಿತು. ಆಮೇಲೆ ಗಾಜಿನ ಹಿಂದಿನ ಮುಖ.

"ನಾನೇ!" ಮಾವ ಕುರ್ಚಿಯಿಂದ ಎದ್ದೇಬಿಟ್ಟ. "ನೋಡೇ! ನಾನೇ! ಏನಂದಿದ್ದೆ? ಉಸಿರೂ ಬಿಟ್ಟಿಲ್ಲ ನೋಡು!"

ಅತ್ತೆ ಚೀಲವನ್ನು ಕೆಳಗಿಟ್ಟು ಪರದೆಯ ಹತ್ತಿರ ಹೋಗಿ, ಎಡಗಣ್ಣಿನ ಆ ಬಿಳಿಗೆರೆಯ ಕೆಳಗೆ ಬೆರಳು ಹಿಡಿದಳು.

"ನೀವೇ," ಎಂದಳು. ದನಿ ಇಳಿದಿತ್ತು. "ಮದುವೆಯಾದ ಹೊಸದರಲ್ಲಿ ಈ ಕಣ್ಣು ನೋಡಿ ಹೆದರ್ಕೊಂಡು, ಎಚ್ಚರ ಇದ್ದೀರಾ ಅಂತ ಅಲ್ಲಾಡಿಸಿದ್ದೆ. ಆವತ್ತಿಂದ ದಿನಾ ನೋಡ್ತಿದ್ದೀನಿ. ಇದು ನೀವೇ. ಯಾವ ದೇವರ ಮುಂದೆ ಬೇಕಾದ್ರೂ ಹೇಳ್ತೀನಿ." ಆಮೇಲೆ ತಿರುಗಿದಳು. "ಆದ್ರೆ ನಿದ್ದೆ ಹೊಡೀತಿದ್ದೀರಲ್ಲ!"

"ಯಾರು? ನಾನಾ?"

"ಅಲ್ಲ, ನಮ್ಮಪ್ಪ. ಗೊರಕೆ ತೆಗೆದು ಹಾಕಿರ್ತಾರೆ, ಇಲ್ದಿದ್ರೆ ಅದೂ ಕೇಳಿಸ್ತಿತ್ತು."

ಮಾವ ಇನ್ನೊಮ್ಮೆ ಹಾಕಿಸಿ ನೋಡಿದ. ಗದ್ದ ಜಾರುವ ಕಡೆ ಅವನ ಗದ್ದವೂ ಸ್ವಲ್ಪ ಕೆಳಗಿಳಿಯಿತು. ನಿಧಾನವಾಗಿ ಕೂತುಕೊಂಡ.

"ಬೆಳಗ್ಗೆಯಿಂದ ಅದರೊಳಗೇ ಇದ್ದೆ," ಎಂದ. ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯಲಿಲ್ಲ. "ಚಪ್ಪಾಳೆ ಕೇಳಿಸ್ತು. ನಿರ್ದೇಶಕರು ಓಡಿ ಬಂದು ತಗಡಿಗೇ ಮುತ್ತು ಕೊಟ್ರು. ಅದಕ್ಕೆ ಮುಂಚೆ ಏನಾಯ್ತು ಅಂತ... ನನಗೆ ಏನೂ ನೆನಪೇ ಇಲ್ವಲ್ಲ ಅಂತ ಅನ್ನಿಸ್ತಿತ್ತು. ಅಷ್ಟು ಮೈಮರೆತು ಮಾಡಿದ್ದೀನಿ ಅಂದ್ಕೊಂಡಿದ್ದೆ."

ಸೊಸೆಗೆ ನಗು ಬಂತು, ತಡೆದುಕೊಂಡಳು. ಅತ್ತೆ ತಡೆದುಕೊಳ್ಳಲಿಲ್ಲ. ಅತ್ತೆ ನಕ್ಕದ್ದು ನೋಡಿ ಮಾವನ ತುಟಿಯೂ ಒಂದು ಕಡೆ ಅರಳಿತು.

ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು ಕಂಪನಿಯ ಮಾತು ಹೇಳಿದ. ಒಂದೋ ಕಪ್ಪು ಗಾಜು, ಇಲ್ಲವೇ ತೆರೆದ ಕಣ್ಣು. "ಕಣ್ಣಿಂದು ಒಂದು ಮಾದರಿ ಮಾಡಿಸಿದ್ದೀನಿ, ನೋಡಿ."

ಪರದೆಯ ಮೇಲೆ ಅದೇ ಬೂದಿ, ಅದೇ ಹೆಗಲು. ಗಾಜಿನ ಹಿಂದೆ ಎರಡು ಕಣ್ಣೂ ತೆರೆದುಕೊಂಡು, ಮಲಗಿದವಳನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದವು. ಕೆಲಸ ಅಚ್ಚುಕಟ್ಟಾಗಿತ್ತು. ಮುಖ ಗಂಭೀರವಾಗಿತ್ತು, ಚೆಲುವಾಗಿಯೂ ಇತ್ತು. ಮಾವ ಕತ್ತು ಚಾಚಿ ನೋಡಿದ. ಇಷ್ಟು ವರ್ಷ ಅವನು ಊರಿಗೆ ಹೇಳಿಕೊಂಡು ಬಂದಿದ್ದ ಮನುಷ್ಯ ಇವನೇ.

"ಇದ್ಯಾರು?" ಎಂದಳು ಅತ್ತೆ.

"ನೀವೇ ಹೇಳಿದ್ರಲ್ಲಮ್ಮ, ನಿಮ್ಮ ಯಜಮಾನರು."

"ಆಗ ತೋರಿಸಿದ್ದು ಇವರು. ಇದು ಯಾರೋ ನಂಗೊತ್ತಿಲ್ಲಪ್ಪ. ಇದನ್ನ ತೋರಿಸಿದ್ರೆ ನಾನು ಸಾಕ್ಷಿ ಹೇಳಲ್ಲ."

ಮಾವ ಹೆಂಡತಿಯ ಕಡೆ ನೋಡಿದ, ಪರದೆಯ ಕಡೆ ನೋಡಿದ. ಮುಖ್ಯಸ್ಥ ತಾಳ್ಮೆಯಿಂದ ಹೇಳಿದ: "ಯೋಚನೆ ಮಾಡಿ ಸಾರ್. ಕಪ್ಪು ಮಾಡಿದ್ರೆ ನೀವು ಅಲ್ಲಿದ್ದಿರಿ ಅಂತ ಯಾರಿಗೂ ಗೊತ್ತಾಗಲ್ಲ. ಕಣ್ಣು ತೆರೆಸಿದ್ರೆ ನಿಮ್ಮ ಮುಖ, ನಿಮ್ಮ ಹೆಸರು, ಸಂದರ್ಶನ. ಹೂಂ ಅಂದ್ರೆ ಸಾಕು, ಮಿಕ್ಕದ್ದು ನಾವು ನೋಡ್ಕೋತೀವಿ."

ಸೊಸೆ ಪ್ಲಾಸ್ಟಿಕ್ ಕವರಿನೊಳಗಿದ್ದ ಪ್ಲೇಯರನ್ನು ನೆನೆದಳು. ಕರೆದ ನೆಂಟರು, ನಗಲು ತಯಾರಾಗಿ ಬರುವವರು, ಅಂಗಡಿಯವನ ಕೂಗು. ಮಾವ ಹೂಂ ಅನ್ನುತ್ತಾನೆ ಎಂದೇ ಅವಳಿಗೆ ಅನ್ನಿಸಿತು. ಅವಳಾಗಿದ್ದರೆ ಅನ್ನುತ್ತಿದ್ದಳು.

ಮಾವ ಎದ್ದು, ಅತ್ತೆ ನೆಲದ ಮೇಲಿಟ್ಟಿದ್ದ ಕೈಚೀಲವನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಬೇಡ," ಎಂದ.

"ಕಣ್ಣು ಬೇಡ್ವಾ, ಹೆಸರು ಬೇಡ್ವಾ?" ಎಂದ ಮುಖ್ಯಸ್ಥ.

"ಎರಡೂ ಬೇಡ. ಗಾಜು ಕಪ್ಪೇ ಇರಲಿ, ನೋಡಬೇಕಾದವಳು ನೋಡಿಯಾಯ್ತು."