ಕೊಂಬೆ ಕಟ್ಟಿದವನ ಬೇಟೆ

ದೊರೆಯ ಬೂಟಿಗೆ ಮೆತ್ತಿದ್ದ ಕೆರೆಯ ಕೆಸರನ್ನು ನಾನು ತೆಂಗಿನ ಸಿಪ್ಪೆಯಿಂದ ಉಜ್ಜುತ್ತಿದ್ದೆ. ಎದುರಿಗೆ ಅಪ್ಪ ಕೂತು ಕೊಡಲಿ ಮಸೆಯುತ್ತಿದ್ದ.

ದೊರೆ, ಲೆಫ್ಟಿನೆಂಟ್ ವಿಲ್ಮಟ್, ತಿರುಕೋಣಮಲೆ ಬಂದರಿನಲ್ಲಿ ಲಂಗರು ಹಾಕಿದ್ದ ಯುದ್ಧನೌಕೆಯವನು. ಹಡಗಿನ ರಿಪೇರಿ ಮುಗಿಯುವವರೆಗೆ ಶಿಕಾರಿಗೆಂದು ನಮ್ಮ ಕಾಡಿಗೆ ಬಂದಿದ್ದ. ಅವನಿಗೆ ದಾರಿ ತೋರಿಸುವ ಕೆಲಸ ಅಪ್ಪನದು. ನಿನ್ನೆ ಕೆಸರಲ್ಲಿ ಹೊರಳುತ್ತಿದ್ದ ಕಾಡಿನ ಕೋಣಕ್ಕೆ ದೊರೆ ಹೊಡೆದ ಗುಂಡು ಹೊಟ್ಟೆಗೆ ತಗುಲಿತು. ಕೋಣ ಸಾಯಲಿಲ್ಲ. ಕೆರೆಯಂಚಿನ ಜೊಂಡಿನೊಳಗೆ ಹೊಕ್ಕು ಕೂತಿತು. ಬೇಸಗೆಯಲ್ಲಿ ಊರಿಗೆ ಇರುವ ನೀರು ಆ ಕೆರೆಯದೊಂದೇ; ಈಗ ಯಾರೂ ಅತ್ತ ಇಳಿಯುವಂತಿಲ್ಲ.

ಕಾಡಿಗೆ ಹೋಗುವವರು ಏರಿಯ ಮೇಲಿನ ಮರಕ್ಕೆ ಅಯ್ಯನಾಯಕ ದೇವರ ಹೆಸರಲ್ಲಿ ಒಂದು ಸೊಪ್ಪಿನ ಕೊಂಬೆ ಕಟ್ಟಬೇಕು. ಒಬ್ಬರದನ್ನು ಇನ್ನೊಬ್ಬರು ಕಟ್ಟುವಂತಿಲ್ಲ. ದೊರೆ ನಕ್ಕು ಮುಂದೆ ನಡೆದುಬಿಟ್ಟಿದ್ದ. ದೇವರು ಅವನ ಮೇಲೆ ಮುನಿಯದಿರಲಿ ಎಂದು ಅವನ ಕೊಂಬೆಯನ್ನೂ ಅಪ್ಪನೇ ಕಟ್ಟಿದ. ಹಾಗೆ ಕಟ್ಟಿದರೆ ಬೇಟೆ ಕಟ್ಟಿದವನದಾಗುತ್ತದೆ. ಗಾಯಗೊಂಡ ಪ್ರಾಣಿಯನ್ನು ಮುಗಿಸುವ ಹೊಣೆಯೂ ಅವನದೇ. ಊರಲ್ಲಿ ಯಾರ ಬಳಿಯೂ ಬಂದೂಕಿಲ್ಲ.

ಬೇಲಿಯಾಚೆ ಪಕ್ಕದ ಮನೆಯ ಡಿಂಗಿರತ್ತೆ ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿದಳು. "ಏನೋ ತಿಕಿರಾಲ, ಬಿಳಿಯನ ಬಾಲ ಹಿಡ್ಕೊಂಡು ಮೆರೆದ್ಯಲ್ಲ, ಈಗ ಕೋಣನ ಬಾಲ ಹಿಡಿ ಹೋಗು. ನನ್ನ ಮೊಮ್ಮಕ್ಕಳು ನಿನ್ನ ಉಗುಳು ಕುಡೀಬೇಕಾ?"

"ಹೋಗ್ತೀನಕ್ಕ. ಕೊಡಲಿ ಒಂಚೂರು ಹರಿತ ಆಗ್ಲಿ," ಅಂದ ಅಪ್ಪ.

"ಕೊಡಲಿಗೆ ಸಾಯತ್ತಾ ಅದು? ನಿನ್ನ ಕರುಳು ಅದರ ಕೊಂಬಿಗೆ ಹಾರ ಆಗತ್ತೆ, ಅಷ್ಟೆ."

ಅಂಗಳದ ತುದಿಯಲ್ಲಿ ದುಭಾಷಿ ಕಂದಪ್ಪ ದೊರೆಯ ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದ. ಅಪ್ಪ ಎದ್ದು ಹೋಗಿ ಕೈ ಮುಗಿದ. "ಕಂದಪ್ಪಣ್ಣ, ದೊರೆ ಒಂದ್ಸಲ ಬಂದೂಕು ತಗೊಂಡು ಜೊತೆಗೆ ಬರ್ಲಿ. ಅವ್ರ ಮುಂದೆ ನಾನೇ ನಡೀತೀನಿ."

ಕಂದಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಗಾಡಿಯಲ್ಲಿ ಕೂತಿದ್ದ ದೊರೆ ಗಡಿಯಾರ ನೋಡಿ ಏನೋ ಅಂದ.

"ಹಡಗು ನಿನ್ನ ಕೋಣಕ್ಕೆ ಕಾಯಲ್ವಂತೆ," ಎಂದ ಕಂದಪ್ಪ. "ಸತ್ತ ಮೇಲೆ ಕೊಂಬು ಕಳಿಸ್ಬೇಕಂತೆ. ಸೀಳು ಬಿಡಬಾರದಂತೆ, ಹುಷಾರು."

ದೊರೆ ಇನ್ನೊಂದು ಮಾತನ್ನೂ ಆಡಿದ್ದ. ಮಿಷನ್ ಶಾಲೆ ಬಿಡುವ ಮೊದಲು ಕಲಿತಷ್ಟು ಇಂಗ್ಲಿಷಿನಲ್ಲಿ ಅದು ನನಗೆ ತಿಳಿಯಿತು. ಹೇಡಿಗಳು ಎಂದಿದ್ದ.

ಅಪ್ಪ ಕೊಡಲಿ ಹೆಗಲಿಗೇರಿಸಿ ಕೆರೆಯ ದಾರಿ ಹಿಡಿದ. ಅಮ್ಮ ಬಾಗಿಲಲ್ಲಿ ಕೂತುಬಿಟ್ಟಳು.

ಗಂಡಸರ ಎದುರು ಬಾಯಿ ಬಿಟ್ಟವಳಲ್ಲ ನಾನು. ಉಜ್ಜಿದ ಬೂಟನ್ನು ಗಾಡಿಗೆ ಹಾಕಿ, ನೊಗ ಹಿಡಿದು ನಿಂತೆ. ದೊರೆ ನನ್ನ ಮುಖ ನೋಡಲಿಲ್ಲ, ನೊಗದ ಮೇಲಿದ್ದ ಕೈ ನೋಡಿದ.

"ಬಿಡೇ ಮೂಗಿ, ಬೆರಳು ಹೋಗತ್ತೆ," ಎಂದು ಕಂದಪ್ಪ ಚಾವಟಿ ಎತ್ತಿದ. ಎತ್ತುಗಳು ಮುನ್ನುಗ್ಗಿದವು, ಕೈ ಜಾರಿತು. ಬಂದೂಕಿನ ಚರ್ಮದ ಚೀಲ ದೊರೆಯ ತೊಡೆಯ ಮೇಲೆಯೇ ಇತ್ತು. ಧೂಳಿನಲ್ಲಿ ಗಾಡಿಯ ಹಿಂದೆ ಓಡುತ್ತಾ ಶಾಲೆಯ ಇಂಗ್ಲಿಷಿನಲ್ಲಿ ಕೂಗಿದೆ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ:

"ಬಂದೂಕು ಬಿಟ್ಟು ಹೋಗಿ, ದೊರೆ."