ಎರಡನೇ ರಾಣಿ

ಮಧುಗಿರಿ ಬಸ್ ಸ್ಟ್ಯಾಂಡ್ ಹಿಂದಿನ ಗಂಗಯ್ಯನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಲೋಹಿತಾ ಹಿಟ್ಟಿನ ಗಿರಣಿಯ ಜಾಹೀರಾತು ಓದುತ್ತಿದ್ದಾಗ ಹೊಳವನಹಳ್ಳಿಯ ಮಲ್ಲೇಶ್ ಬಂದ. ಅವನ ಊರಿನವರು ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತಾರೆ. ಗಂಡಸರ ಪಾತ್ರವೆಲ್ಲ ಊರಿನವರದು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನ ಕಲಾವಿದೆಯರು.

ಎಂ.ಎ. ಓದುವಾಗಲೇ ಬಣ್ಣ ಹಚ್ಚಿದ ಲೋಹಿತಾ ಕೊರಟಗೆರೆ, ಶಿರಾ, ಪಾವಗಡದ ಊರೂರಲ್ಲಿ ರಾಣಿಯಾಗಿದ್ದವಳು. ಉಳಿದ ದಿನಗಳಲ್ಲಿ ಪ್ರಚಾರದ ಆಟೋಗಳಿಗೆ ದನಿ: ಸೀರೆ ಅಂಗಡಿ, ಟ್ಯೂಷನ್, ಚುನಾವಣೆ, ಸಾವಿನ ಸುದ್ದಿ. ಹೋದ ವರ್ಷ ಗಂಡ ಗೌರೀಶ್ ಎದೆನೋವಿನಿಂದ ತೀರಿಕೊಂಡಾಗ ಅದನ್ನೂ ಅವಳೇ ಓದಿದ್ದಳು. ಗಂಗಯ್ಯನ ಬಳಿ ಬೇರೆ ದನಿ ಇರಲಿಲ್ಲ. ಒಂದೇ ಸಲಕ್ಕೆ ಸರಿಯಾಗಿ ಬಂದಿತ್ತು.

ಆಮೇಲೆ ನಾಟಕಕ್ಕೆ ಯಾರೂ ಕರೆಯಲಿಲ್ಲ. ಊಟ, ನಿದ್ದೆ, ಮಾತು ಯಾವುದೂ ಅವಳಿಗೆ ಬೇಕೆನಿಸುತ್ತಿರಲಿಲ್ಲ. ರಂಗದ ಮೇಲೆ ನಿಲ್ಲುವುದೊಂದು ಬೇಕಿತ್ತು.

“ರಾಣಿ ಪಾತ್ರಕ್ಕೆ ಪಾವಗಡದ ಹುಡುಗೀನ ಗೊತ್ತು ಮಾಡಿದೀವಿ ಕಣಕ್ಕ,” ಎಂದ ಮಲ್ಲೇಶ್. “ನೋಡಕ್ಕೆ ಲಕ್ಷಣವಾಗವ್ಳೆ. ಬಾಯಿ ಬಿಟ್ರೆ ಅರ್ಧ ತೆಲುಗು. ನೀನು ಮಾತು ರೆಕಾರ್ಡ್ ಮಾಡ್ಕೊಟ್ಬುಡು, ಅವಳು ಬಾಯಾಡುಸ್ತಾಳೆ.”

“ನಾನೇ ಬರ್ತೀನಲ್ಲ.”

ಮಲ್ಲೇಶ್ ಗಂಗಯ್ಯನ ಮುಖ ನೋಡಿದ. “ಮೊದಲನೇ ಅಂಕದಾಗೆ ರಾಜ ತಾಳಿ ಕಟ್ತಾನೆ. ಈ ಸಲ ರಾಜ ನಮ್ಮ ಮರುಳಸಿದ್ದಯ್ಯ. ಅವನ ಎಂಡ್ರು ಒಪ್ಪಕ್ಕಿಲ್ಲ ಕಣಕ್ಕ.”

“ಅವನು ಯುದ್ಧದಾಗೆ ಸಾಯೋದನ್ನ ಹೆಂಗೆ ಒಪ್ತಾಳೆ?” ಎಂದ ಗಂಗಯ್ಯ.

“ಆ ಸೀನಿಗೆ ಮುಂಚೆ ಚಾಪೆ ಸುತ್ಕೊಂಡು ಮನೆಗೋಯ್ತಾಳೆ ಬುಡಣ್ಣ.”

ಲೋಹಿತಾ ಮಾತಿನ ಹಾಳೆ ಇಸಿದುಕೊಂಡಳು. ಮದುವೆಯ ಮಾತುಗಳಲ್ಲಿ ನಾಚಿಕೆಯ ನಗು ಬರಬೇಕಾದಲ್ಲಿ ಬಂತು. ಆಮೇಲೆ ರಾಜನ ಹೆಣದ ಮುಂದೆ ರಾಣಿಯ ಗೋಳಾಟ. ಒಂದು ಪದವೂ ತಪ್ಪಲಿಲ್ಲ.

ಗಂಗಯ್ಯ ಹೆಡ್‌ಫೋನ್ ತೆಗೆದ. “ಅಮ್ಮಣ್ಣಿ, ಇದು ಆಟೋ ಮೇಲೋಗೋ ಅನೌನ್ಸ್‌ಮೆಂಟ್ ಹಂಗಾಯ್ತು.”

ಮತ್ತೆ ಓದಿದಳು. ಹಾಗೇ ಬಂತು.

“ಇಲ್ಲಿ ಬರಲ್ಲ,” ಎಂದಳು. “ಹೆಣ ಎದುರಿಗಿರಬೇಕು. ಮರುಳಸಿದ್ದಯ್ಯನೇ ಮಲಗಿದ್ರೂ ಪರವಾಗಿಲ್ಲ.”

ಮಲ್ಲೇಶ್ ಫೋನ್ ಹಿಡಿದು ಹೊರಗೆ ಹೋದ, ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಚನ್ನಮಲ್ಲಯ್ಯನವರನ್ನು ಕೇಳಲು. ಹೊಳವನಹಳ್ಳಿಯಲ್ಲಿ ಒಂದೇ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಳ್ಳುವುದು ವಾಡಿಕೆ. ಆಸೆಪಟ್ಟವರಿಗೆಲ್ಲ ಕಿರೀಟ ಸಿಗಬೇಕು. ಹಿಂದಿನ ಸಲ ಕುಳ್ಳ ರಾಜನೊಬ್ಬ ಬೇಟೆಗೆ ಹೋಗಿ ಉದ್ದದ ರಾಜನಾಗಿ ಹಿಂದಿರುಗಿದ್ದ. ಯಾರೂ ಏನೂ ಕೇಳಿರಲಿಲ್ಲ.

“ಮೇಷ್ಟ್ರು ಒಪ್ಪಿದ್ರು,” ಎನ್ನುತ್ತ ಮಲ್ಲೇಶ್ ಒಳಗೆ ಬಂದ. “ತಾಳಿ ಕಟ್ಟಿಸ್ಕೊಳ್ಳೋಳು ಒಂದನೇ ರಾಣಿ. ರಾಜ ಸತ್ತ ಮ್ಯಾಲೆ ನೀನು ಎರಡನೇ ರಾಣಿ. ಆ ಸೀನಿಗಾದ್ರೆ ಯಾರೂ ಏನೂ ಅನ್ನಕ್ಕಿಲ್ಲ. ನೀನು ಹೆಂಗೂ…” ಅವನು ಅಷ್ಟಕ್ಕೇ ನಿಲ್ಲಿಸಿದ.

“ಸರಿಹೋಗ್ತೀನಿ,” ಎಂದಳು ಲೋಹಿತಾ.

“ಬೇಜಾರಾಯ್ತಾ ಅಕ್ಕ?”

“ಇಲ್ಲ.” ಆಗಿರಲಿಲ್ಲ. ಆಗಬೇಕಿತ್ತೇನೋ ಎಂದು ಒಂದು ಕ್ಷಣ ಹುಡುಕಿ ನೋಡಿದಳು.

“ಬಿಳಿ ಸೀರೆ ಡ್ರೆಸ್ ಅಂಗಡಿಯೋನು ತರ್ತಾನೆ.”

“ಬೇಡ. ನನ್ನ ಹತ್ರ ಇದೆ.”

ಅವನು ಹೋದ. ಮದುವೆಯ ಮಾತುಗಳನ್ನು ಗಂಗಯ್ಯ ಪಾವಗಡದ ಹುಡುಗಿಗೆಂದು ಉಳಿಸಿಕೊಂಡ, ಗೋಳಾಟವನ್ನು ಅಳಿಸಿದ.

“ಗಿರಣೀದು ಅರ್ಧಕ್ಕೆ ನಿಂತಿತ್ತಲ್ಲಮ್ಮ.”

ಲೋಹಿತಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ರಾಗಿ, ಗೋಧಿ, ಮೆಣಸಿನಪುಡಿ ನುಣ್ಣಗೆ ಬೀಸಿಕೊಡಲಾಗುವುದು ಎಂದಳು. ಒಂದೇ ಸಲಕ್ಕೆ ಬಂತು.