ಸೊಪ್ಪು ತಿನ್ನುವ ಮೀನು

"ಎಂಗಳ ಮನೆಲಿ ಮೀನುದೆ ಸೊಪ್ಪೇ ತಿಂಬದು," ಎಂದು ಗೋದಾವರಿ ಹೇಳಿದಾಗ ನೆರೆಮನೆಯ ಶಂಕರಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಹಾಂಗಾರೆ ಇವಕ್ಕೆ ಉಪನಯನದೆ ಆಯಿದೋ?"

ಕಾಫಿ ಲೋಟ ಇಡುತ್ತಿದ್ದ ದೀಕ್ಷಿತಾಳಿಗೂ ನಗು ಬಂತು. ಅತ್ತೆ ಗೋದಾವರಿ ಅವಳತ್ತ ತಿರುಗಿ, ನಮ್ಮ ಮನೆಯಲ್ಲಿ ಮೀನೂ ಸೊಪ್ಪನ್ನೇ ತಿನ್ನುವುದು ಎಂದು ಅದೇ ಮಾತನ್ನು ಪೇಟೆಯ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ದೀಕ್ಷಿತಾ ದರ್ಬೆಯ ಈ ಮನೆಗೆ ಮದುವೆಯಾಗಿ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಈಗಲೂ ಮನೆಯವರು ತಮ್ಮೊಳಗೆ ಹವ್ಯಕ ಬ್ರಾಹ್ಮಣರ ಕನ್ನಡದಲ್ಲಿ ಮಾತಾಡಿಕೊಂಡು, ಅವಳ ಕಡೆ ತಿರುಗುವಾಗ ಭಾಷೆ ಬದಲಿಸುತ್ತಿದ್ದರು. ಅವಳಿಗೆ ಎಲ್ಲ ಅರ್ಥವಾಗುತ್ತದೆಂದು ಅವರಿಗೂ ಗೊತ್ತಿತ್ತು. ಅದು ಮರ್ಯಾದೆ. ನೆಂಟರಿಗೆ ಕೊಡುವಂಥ ಮರ್ಯಾದೆ.

ದೀಕ್ಷಿತಾ ಸುಳ್ಯದ ಕಡೆಯ ಗೌಡರ ಹುಡುಗಿ. ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಬಾಡಿಗೆ ಕೋಣೆಯ ಮೂಲೆಯಲ್ಲಿ ಅವಳೊಂದು ಗಾಜಿನ ತೊಟ್ಟಿಯೊಳಗೆ ಸಣ್ಣ ಸಮುದ್ರವನ್ನೇ ಕಟ್ಟಿಕೊಂಡಿದ್ದಳು. ಉಪ್ಪುನೀರು, ರಂಧ್ರರಂಧ್ರದ ಬಂಡೆ, ಹೂವಿನಂತೆ ಬಿಚ್ಚಿಕೊಳ್ಳುವ ಹವಳ, ನಡುವೆ ಒಂದು ಜೊತೆ ಕಿತ್ತಳೆ ಬಣ್ಣದ ಕ್ಲೌನ್ ಮೀನು. ಹರಿಪ್ರಸಾದನನ್ನು ಮೆಚ್ಚಿ ಮದುವೆಯಾದಾಗ ತೊಟ್ಟಿಯೂ ಜೊತೆಗೆ ಬಂತು. ಗೋದಾವರಿ ಚಾವಡಿಯಲ್ಲೇ ಜಾಗ ಬಿಡಿಸಿಕೊಟ್ಟರು. ಒಂದೇ ಮಾತು ಹೇಳಿದರು: "ಮೀನು ಇರ್ಲಿ. ಹಾಲು, ನೈವೇದ್ಯ ಇಡುವ ಫ್ರಿಜ್ಜಿನಲ್ಲಿ ಸಿಗಡಿ ಮಾತ್ರ ಬೇಡ ಮಗಾ."

ಕ್ಲೌನ್ ಮೀನಿಗೆ ಸಿಗಡಿ ಬೇಕು. ಡಬ್ಬಿಯಲ್ಲಿ ಬರುವ ಒಣ ಆಹಾರವೂ ಮೀನಿನ ಪುಡಿಯದೇ. ದೀಕ್ಷಿತಾ ವಾದ ಮಾಡಲಿಲ್ಲ. ಮಂಗಳೂರಿನಿಂದ ತೊಟ್ಟಿ ನೋಡಿಕೊಳ್ಳಲು ಬರುವ ಫಾಝಿಲನ ಕೈಗೆ ಆ ಜೋಡಿಯನ್ನು ಒಪ್ಪಿಸಿ, ಸೊಪ್ಪು ತಿನ್ನುವುದು ಯಾವುದಿದೆ ಎಂದು ಕೇಳಿದಳು.

"ಅಕ್ಕ, ಬಣ್ಣ ಕೇಳುವವರುಂಟು, ರೇಟು ಕೇಳುವವರುಂಟು. ಮೀನಿನ ಊಟ ಕೇಳುದು ನೀವೊಬ್ಬರೇ," ಎಂದು ಅವನು ನಕ್ಕ.

ಅವನು ತಂದ ಹಳದಿ ಟ್ಯಾಂಗ್ ಮೀನು ಸಮುದ್ರದ ಒಣಪಾಚಿಯ ಹಾಳೆಯನ್ನು ಮೇಕೆಯಂತೆ ಹರಿದು ತಿನ್ನುತ್ತಿತ್ತು. ಗೋದಾವರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ಜೊತೆ ಬೇಕೆಂದು ಹೇಳಿದವರೂ ಅವರೇ. ಕಂದು ಟ್ಯಾಂಗ್ ತರಲು ಹೇಳಿದಾಗ ಮಾತ್ರ ಫಾಝಿಲ್ ತಲೆ ಕೆರೆದುಕೊಂಡಿದ್ದ. "ಒಂದೇ ಆಕಾರ, ಒಂದೇ ಊಟ. ಆಗುದಿಲ್ಲ ಅಕ್ಕ. ಬೇರೆ ಬೇರೆ ಥರದ್ದಾದ್ರೆ ಒಂದನ್ನೊಂದು ಲೆಕ್ಕಕ್ಕೇ ತಗೊಳ್ಳುದಿಲ್ಲ."

"ಎರಡೂ ಒಂದೇ ಜಾತಿ ಅಲ್ವಾ, ಹೊಂದಿಕೊಳ್ತಾವೆ," ಎಂದಿದ್ದ ಹರಿಪ್ರಸಾದ್. ಹೇಳಿದ ಮೇಲೆ ಹೆಂಡತಿಯ ಮುಖ ನೋಡಿ ಪೇಪರು ಬಿಡಿಸಿದ್ದ.

ಶಂಕರಿ ಹೋದ ಮೇಲೆ ದೀಕ್ಷಿತಾ ತೊಟ್ಟಿಯ ಬಳಿ ಬಂದಳು. ಕಂದು ಮೀನು ಪಂಪಿನ ಹಿಂದೆ ಅಡಗಿ ಏದುಸಿರು ಬಿಡುತ್ತಿತ್ತು. ರೆಕ್ಕೆ ಹರಿದು ಜೂಲಾಗಿತ್ತು, ಪಕ್ಕೆಯಲ್ಲಿ ಬಿಳಿ ಗೀರು. ಟ್ಯಾಂಗಿನ ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳಿರುತ್ತದೆ. ಹಳದಿ ಮೀನು ಬಂಡೆಯ ಪಾಚಿಯನ್ನೆಲ್ಲ ತನ್ನದೆಂದು ಕಾಯುತ್ತ ಸುತ್ತುತ್ತಿತ್ತು. ಅವಳು ಕಂದು ಮೀನನ್ನು ಹಿಡಿದು, ತೂತುಗಳಿರುವ ಪೆಟ್ಟಿಗೆಯಲ್ಲಿ ಹಾಕಿ ಅದೇ ನೀರಿನಲ್ಲಿ ತೂಗುಬಿಟ್ಟಳು.

"ಎರಡೂ ಪಾಪದವು. ಎಂತಕ್ಕೆ ಕಚ್ಚಾಡುದು?" ಹಿಂದೆ ನಿಂತ ಗೋದಾವರಿಗೆ ನಿಜಕ್ಕೂ ನೋವಾಗಿತ್ತು.

ದೀಕ್ಷಿತಾ ಅಂಗಳಕ್ಕಿಳಿದು ಫಾಝಿಲನಿಗೆ ಫೋನ್ ಮಾಡಿದಳು. ಕಂದು ಮೀನನ್ನು ವಾಪಸ್ ತೆಗೆದುಕೊಳ್ಳುತ್ತೇನೆಂದ. ಅವಳು ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ನನ್ನ ಜೋಡಿ ಉಂಟಾ?"

"ಉಂಟು. ತಿಂದು ತಿಂದು ದಪ್ಪ ಆಗಿದಾವೆ. ಸಂಜೆ ಉಡುಪಿಯವರೊಬ್ಬರು ಕೊಂಡೋಗ್ತಾರೆ. ಬೇಕಾದ್ರೆ ಈಗಲೇ ಹೇಳಿ."

ಆಮೇಲೆ ಹೇಳುತ್ತೇನೆಂದು ಅವಳು ಕರೆ ಮುಗಿಸಿ, ಫೋನನ್ನು ಎದೆಗೊತ್ತಿಕೊಂಡು ನಿಂತಳು. ಮದುವೆಯಾದ ಮೇಲೆ ಅವಳು ಮೀನು ತಿಂದದ್ದು ಸುಳ್ಯಕ್ಕೆ ಹೋದಾಗ ಮಾತ್ರ. ಬರುವ ಮುಂಚೆ ಎರಡೆರಡು ಸಲ ಹಲ್ಲುಜ್ಜುತ್ತಿದ್ದಳು. ಬಸ್ಸಿನಲ್ಲಿ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದಳು. ಬೇಡವೆಂದು ಇಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂದರ್ಭವನ್ನೇ ಅವಳು ತಂದಿರಲಿಲ್ಲ. ಸೊಸೆ ನಮ್ಮವಳೇ ಆಗಿಬಿಟ್ಟಳು ಎಂದು ಅತ್ತೆ ಊರಿಗೆಲ್ಲ ಹೇಳುತ್ತಿದ್ದರು, ಮೀನಿನ ವಿಷಯ ಹೇಳಿದಷ್ಟೇ ಹೆಮ್ಮೆಯಿಂದ.

ಅಡುಗೆಮನೆಯಲ್ಲಿ ಗೋದಾವರಿ ಕಾಯಿ ತುರಿಯುತ್ತಿದ್ದರು.

"ಅತ್ತೆ, ಮೊದಲಿನ ಜೋಡಿಯನ್ನು ವಾಪಸ್ ತರಿಸ್ತೇನೆ. ಅದಕ್ಕೆ ಸಿಗಡಿ ಬೇಕು. ಫ್ರೀಜರಿನಲ್ಲಿ ಒಂದು ಡಬ್ಬಿ ಇಡ್ತೇನೆ."

"ಸೊಪ್ಪು ತಿನ್ನುದೇ ಬೇರೆ ಸಿಗುದಿಲ್ವಾ?"

"ಸಿಗ್ತದೆ. ತಂದ್ರೆ ಇದೇ ಗತಿ. ಅವಕ್ಕೆಲ್ಲ ಒಂದೇ ಬಂಡೆ ಅಲ್ವಾ ಮೇಯ್ಲಿಕ್ಕೆ."

ಗೋದಾವರಿ ಯೋಚಿಸಿದರು. ದನಿಯಲ್ಲಿ ಕೋಪವಿರಲಿಲ್ಲ. "ಹಾಗಾದ್ರೆ ಮೇಲಿನ ರೂಮಿಗೆ ಒಂದು ಸಣ್ಣ ಫ್ರಿಜ್ಜು ತರುವ. ಈ ತೊಟ್ಟಿಯನ್ನೂ ಅಲ್ಲಿಗೇ ಸಾಗಿಸಿದ್ರೆ ನಿನಗೂ ಸಲೀಸು."

ಆ ಮೆತ್ತಗಿನ ದನಿಗೇ ದೀಕ್ಷಿತಾಳಿಗೆ ಭಯವಾಯಿತು. ಇಂದು ಫ್ರಿಜ್ಜು, ನಾಳೆ ಒಂದು ಒಲೆ. ಆಮೇಲೆ ಅವಳೂ ತೂತಿನ ಪೆಟ್ಟಿಗೆಯ ಆ ಮೀನಿನ ಹಾಗೆ, ನೀರು ಒಂದೇ, ಮುಖವೂ ಕಾಣುತ್ತದೆ, ಅಷ್ಟೆ.

"ಬೇಡ ಅತ್ತೆ. ತೊಟ್ಟಿ ಚಾವಡಿಯಲ್ಲೇ ಇರ್ಲಿ. ಡಬ್ಬಿ ಈ ಫ್ರಿಜ್ಜಿನಲ್ಲೇ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನೂ ತಿನ್ನುವವಳೇ ಅಲ್ವಾ? ನಿಮಗೆ ಗೊತ್ತುಂಟಲ್ಲ."

ತುರಿಯುವ ಸದ್ದು ನಿಂತಿತು. ಗೋದಾವರಿ ಅರ್ಧ ತುರಿದ ಕಾಯಿಯನ್ನು ಹಾಗೇ ಬಿಟ್ಟು ಎದ್ದರು. ಫ್ರಿಜ್ಜಿನ ಬಾಗಿಲು ತೆಗೆದು ಹಾಲಿನ ಪಾತ್ರೆಯನ್ನು ಹೊರತೆಗೆದರು. ಎಲ್ಲಿಡುವುದೆಂದು ತೋಚದೆ ಅದನ್ನು ಹಿಡಿದುಕೊಂಡೇ ಸೊಸೆಯ ಮುಖ ನೋಡಿದರು.

"ಹಾಲಿನ ಪಾತ್ರಕ್ಕೆ ತಾಗ್ಲಾಗ," ಎಂದರು ಗಡುಸಾಗಿ. "ಎನ್ನ ಕಣ್ಣಿಂಗೂ ಬೀಳ್ಲಾಗ."

ತಾಗಬಾರದು, ಕಣ್ಣಿಗೂ ಬೀಳಬಾರದು. ಸಿಟ್ಟಿನಲ್ಲಿ ಅವರು ಭಾಷೆ ಬದಲಿಸುವುದನ್ನೇ ಮರೆತಿದ್ದರು. ಎರಡು ವರ್ಷದಲ್ಲಿ ಅತ್ತೆ ತನ್ನೊಡನೆ ಮನೆಮಾತು ಆಡಿದ್ದು ಇದೇ ಮೊದಲು ಎಂಬುದು ದೀಕ್ಷಿತಾಳಿಗೆ ಹೊಳೆಯುವಷ್ಟರಲ್ಲಿ ಅವರು ಪಾತ್ರೆ ಹಿಡಿದುಕೊಂಡೇ ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಆ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿರಲಿಲ್ಲ. ಅವಳು ಮತ್ತೆ ಅಂಗಳಕ್ಕಿಳಿದು ಫಾಝಿಲನಿಗೆ ಫೋನ್ ಮಾಡಿ, ಜೋಡಿಯನ್ನು ತರಲು ಹೇಳಿದಳು.

"ಗ್ಯಾರಂಟಿಯಾ ಅಕ್ಕ? ಆಮೇಲೆ ಪುನಃ ವಾಪಸ್ ತಗೊಂಡೋಗು ಹೇಳ್ಬಾರ್ದು."

"ಗ್ಯಾರಂಟಿ ಎಲ್ಲ ಇಲ್ಲ ಮಾರಾಯ," ಎಂದಳು ದೀಕ್ಷಿತಾ. "ನೀನು ತಾ."